ತಟ್ಟೆಯಲ್ಲಿ ಪಾಸಾದ ಎಲೆ

ಕಮ್ಯುನಿಸ್ಟ್ ಗಿಡದ ಸೊಪ್ಪನ್ನು ಯಾರಾದರೂ ಚಾಪೆ ಹಾಸಿ, ನೆರಳಲ್ಲಿ ಜೋಪಾನವಾಗಿ ಒಣಗಿಸುವುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ವೇಣೂರಿನಲ್ಲಿ, ನಮ್ಮ ಪಕ್ಕದ ಮನೆಯ ಐಸಮ್ಮನವರ ಜಗಲಿಯಲ್ಲಿ.

ಬೇಡವೆಂದರೂ ಗುಡ್ಡೆ ತುಂಬ ಹಬ್ಬುವ ಗಿಡವದು. (ಆ ಹೆಸರು ಯಾರಿಟ್ಟರೋ, ಪಕ್ಷದವರು ಕ್ಷಮಿಸಲಿ.) ಕತ್ತಿ ತಾಗಿದರೆ ನಮ್ಮಲ್ಲಿ ಅದರ ರಸವನ್ನೇ ಹಿಂಡುವುದು. ಮೂಡುಬಿದಿರೆಯಲ್ಲಿ ಎಂ.ಎಸ್ಸಿ. ಓದುವ ಐಸಮ್ಮನವರ ಮಗಳು ನಸೀಮಾ, ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಂಡಳು. ಅಮ್ಮ ಒಣಗಿಸಿ ಕೊಟ್ಟ ಸೊಪ್ಪನ್ನು ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ ಸಾರ ತೆಗೆದು, ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆಗೆ ಹಾಕಿದಳು. ಸಾರ ಬಿದ್ದ ಕಡೆ ಬ್ಯಾಕ್ಟೀರಿಯಾ ಬೆಳೆಯಲೇ ಇಲ್ಲ. ಅಲ್ಲೊಂದು ತಿಳಿಯಾದ ವೃತ್ತ ಮೂಡಿತು.

ಆ ತಟ್ಟೆಯ ಫೋಟೋ ಐಸಮ್ಮನವರ ಶೋಕೇಸಿನಲ್ಲಿ, ದುಬೈಯ ಗಡಿಯಾರದ ಪಕ್ಕ ಕೂತಿತು. ಹೋದವರಿಗೆಲ್ಲ ಮೊದಲು ಫೋಟೋ, ಆಮೇಲೆ ಚಹಾ.

ಐಸಮ್ಮನವರಿಗೆ ಶುಗರ್. ಈ ಮಳೆಗಾಲ ಚಪ್ಪಲಿ ಕಚ್ಚಿ ಕಾಲ್ಬೆರಳು ಹುಣ್ಣಾಯಿತು. ಬೆಳ್ತಂಗಡಿಯ ಡಾಕ್ಟರು ಕ್ಯಾಪ್ಸೂಲ್ ಕೊಟ್ಟರು. ಇವರು ಅದನ್ನು ಡಬ್ಬಿಗೆ ಹಾಕಿಟ್ಟು, ಸೊಪ್ಪು ಅರೆದು ಕಟ್ಟಿಕೊಂಡರು. ಪರೀಕ್ಷೆಯ ಹೊತ್ತು, ಓದು ಕೆಡುತ್ತದೆ ಎಂದು ಹಾಸ್ಟೆಲಿನಲ್ಲಿದ್ದ ಮಗಳಿಗೆ ತಿಳಿಸಲಿಲ್ಲ.

ರಜೆಗೆ ಬಂದವಳಿಗೆ ಬಾಗಿಲಲ್ಲೇ ಕೊಳೆತ ಹುಣ್ಣಿನ ವಾಸನೆ ಬಡಿಯಿತು.

“ಉಮ್ಮಾ, ಅದು ತಟ್ಟೆಯಲ್ಲಿ ಮಾತ್ರ,” ಎಂದಳಂತೆ.

“ನೀನೇ ಅಲ್ವಾ ಪಾಸ್ ಮಾಡಿದ್ದು?”

ಮಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು. ಕಳೆದ ವಾರ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು.

ಗಾಜಿನ ತಟ್ಟೆಗೆ ಶುಗರ್ ಬರುವುದಿಲ್ಲ. ಅದಕ್ಕೆ ನಡೆದಾಡಬೇಕಾಗಿಲ್ಲ, ಮಗಳ ಮೇಲೆ ಅಭಿಮಾನವೂ ಇಲ್ಲ. ಇದನ್ನು ಒಬ್ಬ ತಾಯಿಗೆ ಬಿಡಿಸಿ ಹೇಳುವವರು ಯಾರು? ಪತ್ರಿಕೆಯಲ್ಲಿ ಬರೆಯುವ ನಾವಾ? ‘ಕಾಡುಗಿಡದಲ್ಲಿ ರೋಗಾಣುನಾಶಕ ಗುಣ’ ಎಂದು ದಪ್ಪಕ್ಷರದಲ್ಲಿ ಹಾಕುತ್ತೇವೆ. ‘ಸದ್ಯಕ್ಕೆ ತಟ್ಟೆಯಲ್ಲಿ ಮಾತ್ರ’ ಎನ್ನಲು ನಮ್ಮಲ್ಲಿ ಜಾಗ ಇರುವುದಿಲ್ಲ. ನಾಳೆಯೂ ಇರುವುದಿಲ್ಲ, ಬರೆದಿಟ್ಟುಕೊಳ್ಳಿ. ನಿಜ ಹೇಳುತ್ತೇನೆ, ಈ ವಾರ ನನಗೆ ಪೆನ್ನು ಹಿಡಿಯುವ ಮನಸ್ಸೇ ಇರಲಿಲ್ಲ.

ಮೊನ್ನೆ ನೋಡಲು ಹೋಗಿದ್ದೆ. ಐಸಮ್ಮ ನರ್ಸಿಗೆ ಹೇಳುತ್ತಿದ್ದರು, “ಸೊಪ್ಪಿನದ್ದು ತಪ್ಪಿಲ್ಲ ಮಗಾ. ನಾನು ಅರೆದದ್ದು ಸರಿಯಾಗ್ಲಿಲ್ಲ.” ನಸೀಮಾ ತಡೆಯಲಾರದೆ ಎದ್ದು ಹೊರಗೆ ಹೋದಳು. ನಾನೂ ಹಿಂದೆಯೇ ಹೋದೆ.

ಅವಳೇ ಮಾತಾಡಿದಳು. “ಮುಂದಿನ ವಾರ ಸೆಮಿನಾರ್ ಉಂಟು ಅಂಕಲ್, ಈ ಪ್ರಾಜೆಕ್ಟ್‌ನದ್ದೇ. ಮನುಷ್ಯರ ಮೇಲೆ ಪ್ರಯೋಗ ಮಾಡಿದ್ದೀರಾ ಅಂತ ಯಾರಾದರೂ ಕೇಳಿಯೇ ಕೇಳ್ತಾರೆ. ನಾನು ಏನು ಹೇಳುವುದು?”