ಗಿರಣಿಯಲ್ಲಿ ಕೇಳಿದ ಕೊನೆಯ ಕಂತು

ಆ ಧಾರಾವಾಹಿ ಅಂದರೆ ನಮಗೆ ಹುಚ್ಚು. ಮಾತಿಗೆ ಹೇಳುತ್ತಿಲ್ಲ, ನಿಜವಾದ ಹುಚ್ಚು! ತೊಂಬತ್ತರ ದಶಕ, ಬೈಲಹೊಂಗಲ. ಒಬ್ಬ ಜುಗ್ಗ ಮನೆ ಮಾಲೀಕ, ಏನು ಮಾಡಿದರೂ ಮನೆ ಖಾಲಿ ಮಾಡದ ಒಬ್ಬ ಬಾಡಿಗೆದಾರ. ವಾರಕ್ಕೊಮ್ಮೆ ಅರ್ಧ ತಾಸು ಇವರಿಬ್ಬರ ಜಗಳ ನೋಡಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು.

ಕೊನೆಯ ಕಂತು. ಬಾಡಿಗೆದಾರ ಹೋಗುತ್ತಾನೋ ಇಲ್ಲವೋ ಎಂದು ಇಡೀ ಓಣಿ ಉಸಿರು ಬಿಗಿಹಿಡಿದು ಕೂತಿತ್ತು. ಶೀರ್ಷಿಕೆಯ ಹಾಡು ಮುಗಿಯಿತು, ಕರೆಂಟು ಹೋಯಿತು! ಹದಿನಾರು ವರ್ಷದ ಹುಡುಗಿ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಜೋಳದ ಡಬ್ಬಿ ಹೊತ್ತು ಪೇಟೆಯ ಗಿರಣಿಗೆ ಓಡಿದೆ. ಅಲ್ಲಿ ಸೋದರತ್ತೆ ಸಿಗುತ್ತಿದ್ದಳು. ಅವಳ ಮನೆ ಊರಿನ ಇನ್ನೊಂದು ತುದಿಗೆ, ನಮ್ಮಲ್ಲಿ ಕರೆಂಟು ಹೋದರೂ ಅಲ್ಲಿ ಇರುತ್ತಿತ್ತು. ತಪ್ಪಿದ ಕಂತುಗಳನ್ನೆಲ್ಲ ನಮಗೆ ಹೇಳುವವಳು ಅವಳೇ.

"ಅತ್ತಿ, ಏನಾತ? ಹ್ವಾದನೇನ?"

"ತಡಿಯವ್ವಾ, ಮೊದಲ ಡಬ್ಬಿ ಇಳಸು," ಎಂದು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಶುರುಮಾಡಿದಳು. ಬಾಡಿಗೆದಾರ ಸಾಮಾನೆಲ್ಲ ಎತ್ತಿನ ಬಂಡಿಗೆ ಹೇರಿದನಂತೆ. ಮಾಲೀಕ ಓಡಿಬಂದು ಬಂಡಿ ಹತ್ತಿ, ಅವನ ಮುರುಕು ಕುರ್ಚಿಯಲ್ಲೇ ಕುಳಿತನಂತೆ. "ಮೊದಲ ನನ್ನ ಇಳಸು, ಆಮ್ಯಾಲೆ ಹೋಗು! ನೀ ಹ್ವಾದ್ರ ನಾ ಯಾರ ಜೋಡಿ ಜಗಳ ಆಡ್ಲೋ?" ಅಂದನಂತೆ. ಅಯ್ಯೋ, ಹಿಟ್ಟು ಬೀಸಿಸಲು ಬಂದಿದ್ದ ಹೆಂಗಸರೆಲ್ಲ ನಕ್ಕರು, ಕಣ್ಣೊರೆಸಿಕೊಂಡರು. ಗಿರಣಿಯವನಂತೂ ಸರಿಯಾಗಿ ಕೇಳಲೆಂದು ಯಂತ್ರವನ್ನೇ ನಿಲ್ಲಿಸಿದ್ದ.

ಮುಂದೆ ಹನ್ನೆರಡು ವರ್ಷ ಆ ಬಂಡಿಯ ದೃಶ್ಯವನ್ನು ಸಿಕ್ಕಸಿಕ್ಕವರಿಗೆ ಹೇಳಿದೆ. ಮದುವೆಯಾಗಿ ಸವದತ್ತಿಗೆ ಬಂದ ಮೇಲೆ ಗಂಡನಿಗೆ, ಮಗಳಿಗೆ. ಗಂಡ ಮಾತ್ರ ಒಪ್ಪಲೊಲ್ಲ. "ಬಂಡಿ ಗಿಂಡಿ ಏನೂ ಇರಲಿಲ್ಲ, ನಾ ನೋಡೇನಿ" ಎನ್ನುತ್ತಿದ್ದ. ಇದಕ್ಕಾಗಿ ನಾವಾಡಿದಷ್ಟು ಜಗಳ ಆ ಮಾಲೀಕನೂ ಆಡಿರಲಿಕ್ಕಿಲ್ಲ!

ಕಡೆಗೂ ಕೇಬಲ್ಲಿನಲ್ಲಿ ಮರುಪ್ರಸಾರ ಶುರುವಾಯಿತು. ಎಲ್ಲರ ಮನೆಯಲ್ಲೂ ಮತ್ತೆ ಅದೇ ನಗು. ಆಗ ಹುಟ್ಟಿಯೇ ಇರದಿದ್ದ ಮಕ್ಕಳು ಮಾಲೀಕನ ಬೈಗುಳಗಳನ್ನು ಬಾಯಿಪಾಠ ಮಾಡಿಕೊಂಡು ಓಣಿಯಲ್ಲಿ ಕೂಗುತ್ತಿದ್ದವು. ಕೊನೆಯ ಕಂತಿಗೆ ಸಾಕ್ಷಿ ಬೇಕೆಂದು ಸೋದರತ್ತೆಯನ್ನೇ ಬೈಲಹೊಂಗಲದಿಂದ ಕರೆಸಿದೆ.

"ಇವತ್ತ ನೋಡ್ರಿ, ನಿಮ್ಮ ಮಾರಿ ಸಣ್ಣಾಗತೈತಿ!" ಎಂದು ಗಂಡನಿಗೆ ಸವಾಲು ಹಾಕಿದೆ.

ಬಾಡಿಗೆದಾರ ಒಂದು ಚೀಲ ಹಿಡಿದು ಬಸ್ಸು ಹತ್ತಿದ. ಮಾಲೀಕ 'ಮನೆ ಬಾಡಿಗೆಗಿದೆ' ಎಂಬ ಫಲಕ ತೂಗುಹಾಕಿದ. ಮುಗಿಯಿತು. ಬಂಡಿಯೂ ಇಲ್ಲ, ಕುರ್ಚಿಯೂ ಇಲ್ಲ!

ಗಂಡ ಮೀಸೆಯಡಿ ನಕ್ಕ. ನನಗೆ ಸಿಟ್ಟು ನೆತ್ತಿಗೇರಿತು.

"ಅತ್ತಿ! ಬಂಡಿ ಎಲ್ಲೈತಿ?"

ಅವಳು ಶೇಂಗಾ ಸುಲಿಯುತ್ತಲೇ ಹೇಳಿದಳು: "ಅವತ್ತ ನಮ್ಮ ಕಡೇನೂ ಕರೆಂಟ ಹೋಗಿತ್ತವ್ವಾ. ನೀ ನೋಡಿದ್ರ ಕಣ್ಣ ಊದಿಸ್ಕೊಂಡ ಬಂದಿದ್ದಿ. ಗೊತ್ತಿಲ್ಲ ಅಂತ ಹೆಂಗ ಹೇಳ್ಲಿ?"

ಮಗಳು ಎದ್ದು ಟೀವಿ ಆರಿಸಿ, ಅತ್ತೆಯ ಮುಂದೆ ಚಕ್ಕಳಬಕ್ಕಳ ಹಾಕಿ ಕುಳಿತಳು.

"ಆಯಿ, ಬಂಡೀದ ಹೇಳು."

ಗಂಡನೂ ತನ್ನ ಕುರ್ಚಿಯನ್ನು ಹತ್ತಿರ ಎಳೆದುಕೊಂಡ.