ಪಾಚಿ ಬಂಡೆ ಹತ್ತಿದ ಅಕ್ಕ

ನನ್ನ ಅಕ್ಕನನ್ನು ಕೊಟ್ಟಿರುವುದು ಭೀಮನಬೀಡಿಗೆ. ನಾನಿರುವುದು ಚಾಮರಾಜನಗರದಲ್ಲಿ, ಕಚೇರಿಯೊಂದರಲ್ಲಿ ಕೆಲಸ. ಎರಡು ವರ್ಷದ ಹಿಂದೆ ಅಕ್ಕ ಅರಿಶಿನದ ಮೂಟೆ ಇಳಿಸುವಾಗ ಟ್ರ್ಯಾಕ್ಟರಿನಿಂದ ಬಿದ್ದು ಬಲಗಾಲು ಮುರಿದುಕೊಂಡಳು. ಒಳಗೆ ರಾಡು ಹಾಕಿದರು. ಮೂಳೆ ಕೂಡಿಕೊಂಡು ಅವಳು ಸಲೀಸಾಗಿ ನಡೆಯತೊಡಗಿದರೂ ಮನೆಯವರೆಲ್ಲ ಅವಳನ್ನು ಗಾಜಿನ ಸಾಮಾನಿನಂತೆ ನೋಡುತ್ತಿದ್ದರು.

ದಸರಾ ಕಳೆದು, ಹಿಂಗಾರು ಮಳೆ ಕೊಂಚ ಬಿಡುವು ಕೊಟ್ಟಿದ್ದ ಭಾನುವಾರ ಅವಳ ಮನೆಗೆ ಹೋಗಿದ್ದೆ. ಕಾಫಿ ಲೋಟ ಕೆಳಗಿಡುವ ಮೊದಲೇ, "ಬೆಟ್ಟಕ್ಕೆ ಓಗನ ನಡಿ ಕಣಮ್ಮಿ" ಎಂದಳು. ಹೊಲಗಳು ಮುಗಿಯುವಲ್ಲಿ ಒಂದು ಕಲ್ಲುಬೆಟ್ಟವಿದೆ. ಬುಡದಲ್ಲಿ ನೀರಿನ ಕಟ್ಟೆ, ನೆತ್ತಿಯಲ್ಲಿ ಹಳೆಯ ಮಂಟಪ. ಮದುವೆಯಾದ ಹೊಸದರಲ್ಲಿ ಮೇಕೆ ಅಟ್ಟಿಕೊಂಡು ಅವಳು ಹತ್ತಿ ಇಳಿಯುತ್ತಿದ್ದ ಬೆಟ್ಟ ಅದು.

ಭಾವ ಗಾಬರಿಯಾದರು. "ಕಲ್ಲೆಲ್ಲ ಪಾಚಿ ಕಟ್ಟವೆ. ಇನ್ನೊಂದ್ ಸಲ ಮುರ್ಕಂಡ್ರೆ? ಬ್ಯಾಸ್ಗೇಲಿ ಓದ್ರಾಯ್ತು ಬುಡು."

"ಬ್ಯಾಸ್ಗೇಲಿ ಬಂಡೆ ಸುಡ್ತದೆ ಅಂತೀರಿ, ಮಳೇಲಿ ಜಾರ್ತದೆ ಅಂತೀರಿ. ಇನ್ಯಾವಾಗ ಓಗದು ನಾನು?" ಎಂದವಳೇ ಬಿದಿರು ಕೋಲೊಂದನ್ನು ಹಿಡಿದು ಹೊರಟಳು.

ರಾಗಿ ತೆನೆ ಬಲಿಯುತ್ತಿತ್ತು. ಬದುವಿನ ಮಣ್ಣು ಹೆಜ್ಜೆಹೆಜ್ಜೆಗೂ ಚಪ್ಪಲಿಗೆ ಮೆತ್ತಿಕೊಂಡು ಕಾಲು ಭಾರವಾಗುತ್ತಿತ್ತು. ಹೊಲ ದಾಟಿದ ಮೇಲೆ ದಾರಿಯೇ ಕಾಣದಷ್ಟು ಹುಲ್ಲು, ಸೊಂಟದೆತ್ತರ. ಅಕ್ಕ ಮುಂದೆ ಕೋಲು ಬಡಿಯುತ್ತಾ ನಡೆದಳು. ಅವಳ ಸೀರೆ, ನನ್ನ ಚೂಡಿದಾರಕ್ಕೆಲ್ಲ ಉತ್ತರಾಣಿ ಕಾಯಿ ಅಂಟಿಕೊಂಡಿತು.

ಕಟ್ಟೆ ತುಂಬಿ ಹಳೆಯ ಕಾಲುದಾರಿ ನೀರೊಳಗೆ ಮುಳುಗಿತ್ತು. ಅಂಚಿನಲ್ಲಿ ಒಂದು ಪಾದ ಇಡುವಷ್ಟೇ ಜಾಗ. ಅಕ್ಕ ದಾಟಿದಳು. ಅವಳು ಬಿದ್ದರೆ ಹಿಡಿಯಬೇಕೆಂದು ಹಿಂದೆಯೇ ಹೋಗುತ್ತಿದ್ದ ನಾನು ಜಾರಿ ಸೊಂಟದವರೆಗೆ ಕೆಸರಿಗಿಳಿದೆ. ಕಾಲೆತ್ತಿದಷ್ಟೂ ಹೂತುಹೋಗುತ್ತಿತ್ತು. ಅಕ್ಕ ತಿರುಗಿ ನೋಡಿ, ಬಲಗಾಲನ್ನು ಕಲ್ಲಿಗೆ ಒತ್ತಿ ನಿಂತು ಕೋಲು ಚಾಚಿದಳು. ಮುರಿದಿದ್ದ ಅದೇ ಕಾಲು. "ಬ್ಯಾಡ ಅಕ್ಕ, ನಿನ್ ಕಾಲು" ಎಂದೆ.

"ಬಾಯ್ ಮುಚ್ಕಂಡು ಹಿಡ್ಕೊ!"

ಒಂದೇ ಎಳೆತಕ್ಕೆ ದಡದಲ್ಲಿದ್ದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಾಲ್ ಮುರ್ಕಂಡಿರಾಳು ನಾನು, ಬೀಳಾಳು ನೀನು!"

ಬೆಟ್ಟದ ಅರ್ಧಕ್ಕೆ ಬರುವಾಗ ಭಾವ ಹೇಳಿದ್ದಂಥ ಪಾಚಿ ಬಂಡೆ ಎದುರಾಯಿತು. ಮೆಟ್ಟಿಲಿನಂತೆ ಕಡಿದಿದ್ದ ಗುಳಿಗಳಲ್ಲಿ ನೀರು ಇನ್ನೂ ಜಿನುಗುತ್ತಿತ್ತು, ಸುತ್ತ ಕಪ್ಪು ಪಾಚಿ. ಇಷ್ಟು ಬಂದದ್ದೇ ಸಾಕು ಎಂದೆ. ಅಕ್ಕ ಬಂಡೆಯನ್ನು ಅಂಚಿನಿಂದ ಅಂಚಿಗೆ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಸಿಲು ಬಿದ್ದು ಒಣಗಿದ್ದ ಪಕ್ಕದ ಅಂಚಿಗೆ ಹೋಗಿ ಕುಳಿತಳು. ಬಂಡೆಗೆ ಬೆನ್ನು ಕೊಟ್ಟು, ಎರಡು ಕೈಯೂರಿ, ಕುಳಿತಲ್ಲಿಂದಲೇ ಒಂದೊಂದು ಗೇಣು ಹಿಂದಕ್ಕೆ ಸರಿಯುತ್ತಾ ಮೇಲೇರಿದಳು. ನಡುವೆ ಒಮ್ಮೆ ಸರಿಯುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿ ತೊಡೆ ಹಿಸುಕಿಕೊಂಡಳು. ನೋವಿತ್ತೆಂದು ಗೊತ್ತಾಯಿತು. ಅವಳು ಮತ್ತೆ ಕೈಯೂರಿದಳು. ನಾನೂ ಹಾಗೆಯೇ ಹಿಂಬಾಲಿಸಿದೆ.

ಬಂಡೆ ದಾಟಿ, ನೆತ್ತಿಯ ಮಂಟಪದ ಬಳಿ ಬಂದು ನಿಂತಾಗ ಅವಳ ಮುಖ ಬೆವರಿನಲ್ಲಿ ಹೊಳೆಯುತ್ತಿತ್ತು. ಇವಳು ನನ್ನ ಒಡಹುಟ್ಟಿದವಳು ಎಂದು ಕೆಳಗಿನ ಹೊಲಗಳಿಗೆಲ್ಲ ಕೇಳುವಂತೆ ಕೂಗಿಬಿಡಬೇಕು ಅನ್ನಿಸಿತು. ಅವಳು ಮಾತ್ರ ಮೊಬೈಲ್ ತೆಗೆದು ಭಾವನಿಗೆ ಫೋನು ಮಾಡಿದಳು. "ಮೇಲಕ್ ಬಂದ್ಬುಟ್ಟೆ. ಮನೆ ಮುಂದಕ್ ಬಂದ್ ನೋಡಿ."

ದೂರದ ಅಂಗಳದಲ್ಲಿ ಭಾವ ಚುಕ್ಕೆಯಷ್ಟು ಕಂಡರು. ಅಕ್ಕ ಸೆರಗು ಬೀಸಿದಳು. ಫೋನಿನಲ್ಲಿ ಅವರ ದನಿ ಕೇಳಿಸಿತು, ಆದರೆ ಮಾತಾಡುತ್ತಿದ್ದದ್ದು ನಮ್ಮೊಡನಲ್ಲ, ಪಕ್ಕದ ಮನೆಯವನೊಡನೆ: "ನೋಡ್ಲಾ, ಬೆಟ್ಟದ್ ಮೇಲೆ! ನಮ್ಮೋಳು ಕಣ್ಲಾ!"

ನಾವು ಇಳಿದು ಬರುವಷ್ಟರಲ್ಲಿ ಭಾವ ಕಟ್ಟೆಯವರೆಗೂ ಬಂದಿದ್ದರು. ಅಕ್ಕ ಕುಂಟುತ್ತಿದ್ದಳು. ಆದರೂ ಅವರು ಕೈ ಹಿಡಿಯಲು ಹೋಗಲಿಲ್ಲ. ದಾರಿ ಬಿಟ್ಟು ನಿಂತು, ಅವಳನ್ನು ಮುಂದೆ ಕಳಿಸಿ, ಹಿಂದಿನಿಂದ ನಡೆದು ಬಂದರು.