ಬಸ್ಸು ಬರುವ ಮೊದಲೇ ಕಂಚಕ್ಕನ ವ್ಯಾಪಾರ

ಬೆಳಗಿನ ಐದೂವರೆ. ವಾದ್ಯದಂಗಡಿಯ ಶಟರ್ ಅರ್ಧ ಎದ್ದಿದೆ. ಬಗ್ಗಿಯೇ ಒಳಗೆ ಹೋಗಬೇಕು. ಗೋಡೆಯುದ್ದಕ್ಕೂ ತಟ್ಟೆಯಂಥ ನಲವತ್ತು ಕಂಚಿನ ಸಿಂಬಲ್‌ಗಳು. ನಡುವೆ, ಸ್ವೆಟರ್ ತೊಟ್ಟ ಐವತ್ತೆಂಟರ ಹೆಂಗಸು ಅವುಗಳಲ್ಲೊಂದನ್ನು ಸ್ಟ್ಯಾಂಡಿಗೆ ಕೂರಿಸುತ್ತಿದ್ದಾರೆ. ಡ್ರಮ್ ಬಾರಿಸುವವರೆಲ್ಲ ಇವರನ್ನು ಕರೆಯುವುದು ಕಂಚಕ್ಕ ಎಂದೇ. "ಆ ಪೆನ್ನು ಸ್ವಲ್ಪ ಕೆಳಗಿಡಿ. ಗೀಚೋ ಸದ್ದು ಕೇಳೋರಿಗೆ ಅಡ್ಡ ಬರತ್ತೆ," ಎಂದು ಪತ್ರಿಕೆಗೆ ಬರೆಯಲು ಬಂದ ನನ್ನನ್ನೂ ಗದರಿಸುತ್ತಾರೆ. ನಾನು ಪೆನ್ನು ಜೇಬಿಗಿಡುತ್ತೇನೆ.

ಬಸ್ಸುಗಳ ಓಡಾಟ ಶುರುವಾದ ಮೇಲೆ ಸಿಂಬಲ್ಲಿನ ಸದ್ದು ಕೊನೆಗೆ ಹೇಗೆ ಆರುತ್ತದೆ ಎಂಬುದು ಕೇಳಿಸುವುದಿಲ್ಲ. ಅದಕ್ಕೇ ಇವರ ವ್ಯಾಪಾರ ಏಳರೊಳಗೆ. ಇಪ್ಪತ್ತಾರು ವರ್ಷಗಳಿಂದ ಹೀಗೇ. ಒಬ್ಬರಿಗೆ ದಿನಕ್ಕೆ ಮೂರೇ ಸಿಂಬಲ್. "ನಾಲ್ಕನೇದಕ್ಕೆ ಕಿವಿ ದಣಿಯತ್ತೆ. ಆಮೇಲೆ ಊಟದ ತಟ್ಟೆ ಬಡಿದ್ರೂ ಚೆನ್ನಾಗಿದೆ ಅಂತಾರೆ." ಬಾರಿಸುವ ಕೆಲಸ ಗಂಡನದು, ಅವರು ನಿವೃತ್ತ ಲಾರಿ ಡ್ರೈವರ್. "ನಮ್ಮ ಯಜಮಾನ್ರಿಗೆ ತಾಳದ ಗಂಧಗಾಳಿ ಇಲ್ಲ. ನೆಟ್ಟಗೆ ಒಂದೇಟು ಹಾಕ್ತಾರೆ, ಅಷ್ಟೇ. ನನಗೆ ಬೇಕಾಗಿರೋದೂ ಅದೇ." ಯಜಮಾನರು ಹಲ್ಲು ಕಿರಿಯುತ್ತಾರೆ.

ಇಂದು ಬಂದಿರುವವರು ಒಬ್ಬ ನರ್ಸ್. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದಿದ್ದಾರೆ. ಮೂವತ್ತೈದಕ್ಕೆ ಡ್ರಮ್ ಕಲಿತ ಇವರದು ಭಾನುವಾರ ಮೊದಲ ಕಾರ್ಯಕ್ರಮ. ಏಳು ಎಣಿಕೆಯ ಒಂದು ಹಾಡು ನಿದ್ದೆಗೆಡಿಸಿದೆ. ಕಂಚಕ್ಕ ನರ್ಸ್ ಕೈಯಿಂದ ಡ್ರಮ್ ಕೋಲು ಕಿತ್ತುಕೊಂಡು ಅವರನ್ನು ಅಂಗಡಿಯಲ್ಲೇ ನಡೆಸುತ್ತಾರೆ. ನಾಲ್ಕು ಹೆಜ್ಜೆ, ಮೂರು ಹೆಜ್ಜೆ. "ಮೊದಲ ಸುತ್ತು ಬಲಗಾಲಲ್ಲಿ ಶುರುವಾದ್ರೆ ಎರಡನೇದು ಎಡಗಾಲಲ್ಲಿ ಕಣಮ್ಮ. ನೀನು ಪ್ರತಿ ಸಲ ಬಲಗಾಲೇ ಬೇಕು ಅಂತೀಯ. ಅಲ್ಲೇ ಎಡವೋದು." ಹತ್ತನೇ ಸುತ್ತಿಗೆ ನರ್ಸ್ ಮುಖ ಅರಳುತ್ತದೆ. ಸ್ನೇರ್ ಡ್ರಮ್ಮಿನ ಆಯ್ಕೆಯೂ ಸಲೀಸು. ಬೆರಳಲ್ಲಿ ಮೆಲ್ಲಗೆ ತಟ್ಟಿದರೂ ಅಡಿಯ ತಂತಿಗಳು ಓಗೊಡುವಂಥದ್ದನ್ನು ಕಂಚಕ್ಕ ಎತ್ತಿಡುತ್ತಾರೆ.

ಕಷ್ಟ ಬರುವುದು ಸಿಂಬಲ್ ಸರದಿಗೆ. ಕಂಚಕ್ಕನ ಎಡಗಿವಿ ಬಹುತೇಕ ಹೋಗಿದೆ, ಬಲಗಿವಿಗೂ ತೀರಾ ಸಣ್ಣ ಸದ್ದು ಸಿಗುತ್ತಿಲ್ಲ ಎಂದು ವೈದ್ಯರು ಕಳೆದ ತಿಂಗಳು ಹೇಳಿದ್ದಾರೆ. ಗಿರಾಕಿಗಳ ಮುಂದೆ ಬಾಯಿ ಬಿಡಬೇಡ ಎಂಬುದು ಗಂಡನ ಬುದ್ಧಿಮಾತು. ಗೊತ್ತಾದರೆ ಈ ಅಂಗಡಿಗೆ ಯಾರು ಬರುತ್ತಾರೆ? ಯಜಮಾನರು ಒಂದೇಟು ಹಾಕುತ್ತಾರೆ. ನರ್ಸ್ ತೀರ್ಪಿಗಾಗಿ ಕಾಯುತ್ತಾರೆ. ಕಂಚಕ್ಕ, "ಸುಳ್ಳು ಹೇಳಿ ಮಾರೋಕೆ ನನ್ನ ಕೈಲಾಗಲ್ಲ. ಸದ್ದಿನ ಕೊನೆ ನನಗೆ ಕೇಳ್ತಿಲ್ಲಮ್ಮ," ಎನ್ನುತ್ತಾರೆ.

ನರ್ಸ್ ಕದಲುವುದಿಲ್ಲ. "ಕೊನೆ ನಾನು ಕೇಳಿಸ್ಕೊತೀನಿ ಅಕ್ಕ. ಏನು ಕೇಳಬೇಕು ಅಂತ ನೀವು ಹೇಳಿ."

ಸದ್ದು ಒಂದೇ ಎಳೆಯಾಗಿ ಆರಬೇಕು, ನಡುವೆ ನಡುಗಬಾರದು ಎಂದು ಕಂಚಕ್ಕ ಹೇಳಿಕೊಡುತ್ತಾರೆ. ಮೊದಲೆರಡೂ ನಡುಗುತ್ತವೆ. ಮೂರನೆಯದನ್ನು ನರ್ಸ್ ಕಣ್ಣು ಮುಚ್ಚಿ ಕೇಳಿ, ಬಹಳ ಹೊತ್ತಿನ ಮೇಲೆ ತಲೆಯಾಡಿಸುತ್ತಾರೆ. ಕಂಚಕ್ಕ ಅದನ್ನು ಬಟ್ಟೆಯಲ್ಲಿ ಸುತ್ತಿಕೊಡುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕಂಚಕ್ಕನನ್ನು ಕೇಳುತ್ತೇನೆ. ಅವರು ನನಗೆ ಉತ್ತರಿಸುವ ಬದಲು ನರ್ಸ್ ಕಡೆ ತಿರುಗುತ್ತಾರೆ. "ಭಾನುವಾರ ನನಗೊಂದು ಕುರ್ಚಿ ಹಿಡಿದಿಡು. ಮುಂದಿನ ಸಾಲು, ಎಡತುದಿ. ಇರೋವಷ್ಟು ದಿನ ಈ ಬಲಗಿವಿ ನಿನ್ನ ಕಡೆಗೇ ಇರ್ಲಿ."